ಸಗಣಿ ಸುಟ್ಟವರ ದೇವರು

ಬಳ್ಳಾರಿ ಸೀಮೆಯ ಕುಡತಿನಿಯಲ್ಲೊಂದು ಬೂದಿ ದಿಬ್ಬವಿದೆ. ಅದು ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಎಂಬ ಐತಿಹ್ಯವಿದೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವಂತೆ. 19ನೇ ಶತಮಾನದ ಯುರೋಪಿಯನ್ನರಲ್ಲಿ ಕೆಲವರು ಇವನ್ನು ಜ್ವಾಲಾಮುಖಿಯ ಉಳಿಕೆ ಎಂದರು. ಇದು ದನದ ಸಗಣಿ ಸುಟ್ಟ ಬೂದಿ ಎಂದು ವಾದಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮುಂದೆ ನಡೆದ ರಾಸಾಯನಿಕ ಪರೀಕ್ಷೆಗಳೂ ಅದನ್ನೇ ಹೇಳಿದವು.

ಉತ್ತರ ಕರ್ನಾಟಕ ಮತ್ತು ಅದರ ನೆರೆಯ ತೆಲುಗು ಸೀಮೆಯಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು. ಅವು ನವಶಿಲಾಯುಗದ ದನಗಾಹಿಗಳವು. ಕ್ರಿ.ಪೂ. 3000ದ ಸುಮಾರಿಗೆ ಶುರುವಾದ ಆ ಕಾಲದಲ್ಲಿ ಅವರು ಕರಿಕಲ್ಲನ್ನು ಕೆತ್ತಿ, ಉಜ್ಜಿ ನುಣುಪಾದ ಕೊಡಲಿ ಮಾಡುತ್ತಿದ್ದರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡದ ಮೇಲೆ ಆ ಕೆಲಸದ ಚಕ್ಕೆಗಳು ಇಂದಿಗೂ ರಾಶಿ ರಾಶಿಯಾಗಿವೆ. ಬರಬರುತ್ತ ಕೊರಲೆ, ಹುರುಳಿ, ಹೆಸರು ಬೆಳೆದು ಅಲ್ಲೇ ನೆಲೆ ನಿಂತರು.

ಹಾಗಾದರೆ ಸಗಣಿಯನ್ನು ಸುಟ್ಟದ್ದೇಕೆ? ಅದು ಒಲೆಗೆ ಉರುವಲು, ಹೊಲಕ್ಕೆ ಗೊಬ್ಬರ. ಅಂಥದ್ದನ್ನು ಗುಡ್ಡದಂತೆ ಒಟ್ಟಿ, ಬೂದಿಯೇ ಕರಗಿ ಕಿಟ್ಟಗಟ್ಟುವಷ್ಟು ಕಾವಿನಲ್ಲಿ, ಒಮ್ಮೆಯಲ್ಲ, ಮತ್ತೆ ಮತ್ತೆ ಸುಟ್ಟಿದ್ದಾರೆ. 1957ರಲ್ಲಿ ತೆಲುಗು ಸೀಮೆಯ ಉಟ್ನೂರಿನಲ್ಲಿ ಅಗೆದ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅವರಿಗೆ ದೊಡ್ಡಿಯ ಗೂಟಗಳ ಗುಳಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. ಈ ಬೆಂಕಿಯಲ್ಲಿ ಅವರು ಋತುಮಾನದ ಆಚರಣೆಯನ್ನು ಕಂಡರು, ಸಂಕ್ರಾಂತಿ, ಹೋಳಿಗಳ ಬೆಂಕಿಯನ್ನು ನೆನೆದರು. ಉತ್ತರ ಕರ್ನಾಟಕದ ಬುದಿಹಾಳದಲ್ಲಿ ವರ್ಷಗಟ್ಟಲೆ ಅಗೆದ ಕೆ. ಪದ್ದಯ್ಯ ಅವರ ಒಲವು ಬೇರೆ ಕಡೆಗೆ: ದಿಬ್ಬದ ಪಕ್ಕದಲ್ಲೇ ಮನೆಗಳಿದ್ದವು, ದೊಡ್ಡಿ ತುಂಬಿದಾಗ ಸಗಣಿಯನ್ನು ಒಂದೆಡೆ ಒಟ್ಟಿ ಸುಡುತ್ತಿದ್ದರು.

ಕಸವೋ ಪೂಜೆಯೋ ಎಂದು ಕೇಳಿದರೆ ಈ ದಿಬ್ಬಗಳು ಕೈಗೆ ಸಿಗುವುದಿಲ್ಲ. ದೊಡ್ಡಿ ಚೊಕ್ಕಟ ಮಾಡಲು ಸಗಣಿಯನ್ನು ಆಚೆ ಹಾಕಿದರೆ ಸಾಕಿತ್ತು. ಅದನ್ನು ಒಂದೇ ಜಾಗಕ್ಕೆ ತಂದು, ತಲೆಮಾರುಗಳ ಕಾಲ ಅದರ ಮೇಲೆಯೇ ಪೇರಿಸುತ್ತ ಹೋಗಲು ಅಚ್ಚುಕಟ್ಟುತನವನ್ನು ಮೀರಿದ ಕಾರಣ ಬೇಕು. ಹಿಂದಿನವರು ಸುಟ್ಟ ಜಾಗದಲ್ಲೇ ತಾವೂ ಸುಡಬೇಕೆಂಬ ಹಟದಲ್ಲಿ ಧರ್ಮದ ಮೊದಲ ಎಳೆ ಕಾಣುತ್ತದೆ. ದೇವರ ಹೆಸರು, ಮಂತ್ರ, ಗುಡಿ ಯಾವುದೂ ಅದಕ್ಕೆ ಬೇಕಾಗಿರಲಿಲ್ಲ. ದನ, ಬೆಂಕಿ, ಒಂದು ಜಾಗ, ಇಷ್ಟಿದ್ದರೆ ಆಗುತ್ತಿತ್ತು.

ಇಲ್ಲೇ ಎಚ್ಚರವೂ ಬೇಕು. ಇಂದಿನ ಗೋಪೂಜೆಯನ್ನು ನೇರ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಒಯ್ಯುವ ಆಸೆ ಸಹಜ. ಆದರೆ ಅದೇ ಬುದಿಹಾಳದಲ್ಲಿ ದನಗಳನ್ನು ಕಡಿದು ಮಾಂಸ ಹಸನು ಮಾಡಿದ ನೆಲವೂ ಸಿಕ್ಕಿದೆ.  ಸಂಗನಕಲ್ಲಿನ ಪಕ್ಕದ ಕುಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ, ಬಡಿದು ಬಡಿದು ಅವುಗಳಲ್ಲಿ ಗುಳಿ ಬಿದ್ದಿದೆ. ದನವನ್ನು ಸಾಕಿದವರು, ತಿಂದವರು, ಬಂಡೆಯ ಮೇಲೆ ಬರೆದವರು, ಅದರ ಸಗಣಿಗೆ ಬೆಂಕಿಯಿಟ್ಟವರು ಎಲ್ಲ ಒಂದೇ ಜನ. ಪೂಜ್ಯವಾದದ್ದನ್ನು ಕೊಲ್ಲಬಾರದು ಎಂಬ ನಿಯಮ ಅವರಲ್ಲಿ ಇದ್ದಂತಿಲ್ಲ. ಯಾವುದರಿಂದ ಹೊಟ್ಟೆ ತುಂಬುತ್ತಿತ್ತೋ ಅದಕ್ಕೆ ತಾವು ಋಣಿಗಳೆಂಬ ಭಾವ ಮಾತ್ರ ಇದ್ದಿರಬೇಕು, ಮತ್ತು ಋಣ ದೊಡ್ಡದಾದಷ್ಟೂ ಬೆಂಕಿ ದೊಡ್ಡದಾಗಿರಬೇಕು. ಈ ಮಾತಿಗೆ ಅಗೆತದಲ್ಲಿ ನೇರ ಸಾಕ್ಷಿ ಸಿಗುವಂಥದ್ದಲ್ಲ; ಮೂಳೆ, ಚಿತ್ರ, ಬೂದಿ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಹೊಳೆಯುವಂಥದ್ದು.

ಒಟ್ಟಿಗಿಟ್ಟು ನೋಡುವ ಆ ಅವಕಾಶವೇ ಈಗ ಕಿರಿದಾಗುತ್ತಿದೆ. ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿದೆ. ಕುಪಗಲ್ಲಿನ ಗುಡ್ಡವನ್ನು ಕಲ್ಲು ಗಣಿಗಾರಿಕೆ ಕೊರೆದಿದೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪ್ರಾಚ್ಯವಸ್ತು ಸಂಗ್ರಹಾಲಯವೇನೋ ಇದೆ. ಕೊಡಲಿ, ಮಡಕೆಗಳನ್ನು ಅಲ್ಲಿಗೆ ತಂದಿಡಬಹುದು. ನಾದದ ಬಂಡೆಯನ್ನೂ ಬೂದಿಯ ಪದರಗಳನ್ನೂ ಇದ್ದಲ್ಲೇ ಉಳಿಸಬೇಕು.