ಕರಗುವ ಶಾಯಿಯ ಚಿತ್ರ

ಶಾಯಿ ಪೆನ್ನಿನಲ್ಲಿ ಬರೆದ ನೋಟ್‌ಬುಕ್ಕಿನ ಮೇಲೆ ನಾಲ್ಕು ಮಳೆಹನಿ ಬಿದ್ದರೆ ಸಾಕಿತ್ತು, ಹೋಂವರ್ಕ್ ಅಷ್ಟೂ ಅಳಿಸಿಹೋಗುತ್ತಿತ್ತು. ಬಾಲ್‌ಪೆನ್ ಬಂದದ್ದೇ ತಡ ಎಲ್ಲರೂ ಅದರ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. ಆದರೆ ಬರೆಯುವವರಿಗೆ ಕಾಟ ಕೊಟ್ಟ ಆ ಗುಣವೇ ಚಿತ್ರ ಬಿಡಿಸುವವರಿಗೆ ಬೇಕಾದದ್ದು.

ಸಾಮಾನ್ಯ ಫೌಂಟನ್ ಪೆನ್ ಶಾಯಿ ಎಂದರೆ ನೀರಿನಲ್ಲಿ ಕರಗಿದ ಬಣ್ಣ. ಹೆಂಚಿನ ಮನೆಯೊಂದರ ಗೆರೆ ಎಳೆದು, ಸೂರಿನ ಕೆಳಗೆ ಒದ್ದೆ ಕುಂಚ ಆಡಿಸಿ. ಕುಂಚ ಇಲ್ಲದಿದ್ದರೆ ಒದ್ದೆ ಬೆರಳೂ ಆದೀತು. ಗೆರೆಯಿಂದ ಬಣ್ಣ ಬಿಟ್ಟುಕೊಂಡು ಜಗಲಿಯ ಮೇಲೆ ನೆರಳು ಕೂರುತ್ತದೆ. ಗೆರೆ, ನೆರಳು ಎರಡೂ ಒಂದೇ ಪೆನ್ನಿನವು. ಕೆಲವು ಕಪ್ಪು ಶಾಯಿಗಳಂತೂ ನೀರು ತಾಗಿದೊಡನೆ ತಮ್ಮೊಳಗಿನ ನೀಲಿ, ನೇರಳೆಗಳನ್ನು ಹೊರಗೆ ಬಿಡುತ್ತವೆ. ಪೆನ್ಸಿಲ್ ಈ ಕೆಲಸ ಮಾಡಲಾರದು, ಜೆಲ್ ಪೆನ್ ಅಂತೂ ದೂರದ ಮಾತು.

ಇನ್ನು ಗೆರೆ. ನಿಬ್ಬಿನ ಸೀಳಿನಲ್ಲಿ ಶಾಯಿ ತಾನಾಗಿ ಇಳಿದು ಬರುವುದರಿಂದ ಒತ್ತುವ ಅಗತ್ಯವಿಲ್ಲ, ಕೈ ಹಗುರಾಗುತ್ತದೆ. ನಿಬ್ಬನ್ನು ಬೋರಲು ಮಾಡಿ ಎಳೆದರೆ ಇನ್ನೂ ತೆಳುವಾದ ಗೆರೆ ಬರುತ್ತದೆ. ವಿದ್ಯುತ್ ತಂತಿ, ಹುಲ್ಲಿನ ಎಸಳುಗಳಿಗೆ ಅದು ಸರಿ. ಕುಂಚದ ಬರಹದಂತೆ ಕಾಣಲೆಂದು ಜಪಾನಿನವರು ತುದಿ ಬಾಗಿಸಿದ ನಿಬ್ಬು ಮಾಡಿದರು. ಪೆನ್ನನ್ನು ವಾಲಿಸಿದರೆ ದಪ್ಪ, ನೆಟ್ಟಗೆ ಹಿಡಿದರೆ ಸಪೂರ. ಈಗ ಬೀದಿಬದಿ ಕೂತು ಸ್ಕೆಚ್ ಮಾಡುವವರು ಅದನ್ನು ಹುಡುಕಿ ಕೊಳ್ಳುತ್ತಾರೆ. ಪೆನ್ನು ದುಬಾರಿಯದಾದರೆ ಗೆರೆ ಚೆಂದವಾಗುತ್ತದೆ ಎಂಬುದನ್ನು ಮಾತ್ರ ನಾನು ನಂಬುವುದಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಲಯ ಮೈಗೂಡಲೆಂದು ಕಥಕ್ ನೃತ್ಯವನ್ನೇ ಕಲಿತವರು ಅವರು. ಅಂಥ ಗೆರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ತೊಡಕುಗಳೂ ಇವೆ. ನೀರಿಗೆ ಅಳಿಯದ ಚಿತ್ರ ಬೇಕೆಂದು ಇಂಡಿಯನ್ ಇಂಕ್ ತುಂಬಿಸಬೇಡಿ. ಅದರಲ್ಲಿರುವ ಅರಗು ಒಳಗೇ ಒಣಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಕಾಗದ ತೆಳುವಾದರೆ ಶಾಯಿ ಇಂಗಿ ಹಿಂಬದಿಗೆ ಇಳಿಯುತ್ತದೆ. ನಯವಾದ ಲೇಪವಿಲ್ಲದ ದಪ್ಪ ಮದುವೆ ಕಾರ್ಡಿನ ಬೆನ್ನು ಚಿತ್ರಕ್ಕೆ ಎಷ್ಟೋ ವಾಸಿ, ಪುಕ್ಕಟೆ ಬೇರೆ! ಬೆಳಕಿಗೆ ಶಾಯಿ ಮಾಸುವುದೂ ಉಂಟು. ವ್ಯಾನ್ ಗೋ 1888ರಲ್ಲಿ ಆರ್ಲ್ಸ್‌ನಲ್ಲಿ ಜೊಂಡಿನ ಲೇಖನಿಯಿಂದ ಬರೆದ ಎಷ್ಟೋ ಚಿತ್ರಗಳ ಶಾಯಿ ಬಣ್ಣಗೆಟ್ಟು ಇಂದು ಕಂದಾಗಿದೆ. ನಿಮ್ಮ ಚಿತ್ರಗಳನ್ನು ಗೋಡೆಗೆ ಹಾಕದೆ ಪುಸ್ತಕದೊಳಗೇ ಇಟ್ಟುಕೊಳ್ಳಿ.

ಮೇಜಿನ ಖಾನೆಯಲ್ಲಿ ಒಣಗಿ ಬಿದ್ದ ಶಾಯಿ ಪೆನ್ನು ನಿಮ್ಮಲ್ಲೂ ಇದ್ದೀತು. ರಾತ್ರಿ ಅದರ ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಹಾಕಿ. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು. ಬೆಳಿಗ್ಗೆ ನೀಲಿ ಶಾಯಿ ತುಂಬಿಸಿ, ಎದುರಿಗಿರುವ ಕಾಫಿ ಲೋಟವನ್ನು ಬಿಡಿಸಿ ನೋಡಿ.