ಗುಣದೋಷಗಳ ನೆಲೆ

ಲೋಕದ ವಸ್ತುಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ರಾಶಿಗಳಾಗಿ ವಿಂಗಡಿಸಿ ನೋಡುವುದು ಮಾನವಬುದ್ಧಿಗೆ ಬಹುಕಾಲದಿಂದ ಬಂದ ಅಭ್ಯಾಸವು. ಮಳೆಯು ಒಳ್ಳೆಯದು, ಸಿಡಿಲು ಕೆಟ್ಟದ್ದು. ಹಸುವು ಸಾಧು, ಹಾವು ದುಷ್ಟ. ಈ ವಿಂಗಡಣೆಯಿಂದ ದಿನದಿನದ ವ್ಯವಹಾರವು ಸುಗಮವಾಗುವುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಗುಣವೂ ದೋಷವೂ ವಸ್ತುವಿನೊಳಗೇ ನೆಲಸಿರುವುವೋ, ಅಥವಾ ಆ ವಸ್ತುವು ಇತರ ವಸ್ತುಗಳೊಡನೆ ಪಡೆಯುವ ಸಂಬಂಧದಿಂದ ಹುಟ್ಟುವುವೋ ಎಂಬುದು ಸುಲಭವಾಗಿ ತೀರುವ ಪ್ರಶ್ನೆಯಲ್ಲ. ಇದಕ್ಕೆ ಉತ್ತರವನ್ನರಸುವವರಿಗೆ ಮನುಷ್ಯನ ಯಕೃತ್ತಿನಲ್ಲಿರುವ ಒಂದು ಅತಿಸೂಕ್ಷ್ಮವಾದ ಅಣುವಿನ ವೃತ್ತಾಂತವು ಒಳ್ಳೆಯ ನಿದರ್ಶನವಾಗಬಲ್ಲದು. ರೋಗಿಗಳ ಪ್ರಾಣವೇ ಇದರಲ್ಲಿ ಪಣವಾಗಿರುವುದರಿಂದ ಇದು ಬರಿಯ ತರ್ಕವಿನೋದವಲ್ಲ.

ಜೀವಕೋಶದ ನಡುವಿನಲ್ಲಿರುವ ಡಿಎನ್‌ಎಯನ್ನು ಮೂಲಗ್ರಂಥಕ್ಕೆ ಹೋಲಿಸುವುದಾದರೆ, ಅದರ ವಾಕ್ಯಗಳನ್ನು ನಕಲುಮಾಡಿಕೊಂಡು ಪ್ರೋಟೀನುಗಳು ತಯಾರಾಗುವ ಸ್ಥಳಕ್ಕೆ ಒಯ್ಯುವ ಓಲೆಯೇ ಆರ್‌ಎನ್‌ಎ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕನ್ ಎಂಬ ವಿಜ್ಞಾನಿಗಳು, ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವಿನಲ್ಲಿ ವಿಚಿತ್ರವಾದ ಸಂಗತಿಯೊಂದನ್ನು ಪ್ರಕಟಪಡಿಸಿದರು. ಯಾವ ಪ್ರೋಟೀನನ್ನೂ ಕಟ್ಟದ, ಸುಮಾರು 22 ಅಕ್ಷರಗಳಷ್ಟೇ ಉದ್ದವಾದ ಆರ್‌ಎನ್‌ಎ ತುಣುಕೊಂದು ದೊಡ್ಡ ಓಲೆಗೆ ಅಂಟಿಕೊಂಡು, ಅದರ ಆಜ್ಞೆಯು ನಡೆಯದಂತೆ ತಡೆಯುವುದೆಂದು ಅವರ ಶೋಧನೆಗಳಿಂದ ಸಿದ್ಧವಾಯಿತು. ಇಂತಹ ತುಣುಕುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಈ ಶೋಧನೆಗಾಗಿ ಇಬ್ಬರಿಗೂ 2024ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು.

ಯಕೃತ್ತಿನಲ್ಲಿ ಈ ಜಾತಿಯ ತುಣುಕುಗಳಲ್ಲೆಲ್ಲ ಪ್ರಧಾನವಾದುದು 122 ಎಂಬ ಸಂಖ್ಯೆಯಿಂದ ಗುರುತಿಸಲ್ಪಟ್ಟಿರುವುದು. ಇಲಿಯ ಯಕೃತ್ತಿನ ಮೈಕ್ರೋ ಆರ್‌ಎನ್‌ಎಗಳಲ್ಲಿ ನೂರಕ್ಕೆ ಸುಮಾರು 70 ಪಾಲು ಇದೊಂದೇ ಎಂದು ಲೆಕ್ಕಹಾಕಲಾಗಿದೆ. ಕೊಬ್ಬಿನ ವಿನಿಯೋಗವನ್ನು ಹದದಲ್ಲಿಡುವುದೂ, ಯಕೃತ್ತಿನ ಕೋಶವು ತನ್ನ ಸ್ವಭಾವವನ್ನು ಬಿಟ್ಟು ಕೆಡದಂತೆ ಕಾಯುವುದೂ ಇದರ ಕೆಲಸಗಳು. 2012ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಈ ಅಣುವಿಲ್ಲದಂತೆ ಇಲಿಗಳನ್ನು ಹುಟ್ಟಿಸಿ ನೋಡಲಾಯಿತು. ಅವುಗಳ ಯಕೃತ್ತಿನಲ್ಲಿ ಮೊದಲು ಕೊಬ್ಬು ತುಂಬಿತು. ಬಳಿಕ ಉರಿಯೂತವೂ ನಾರುಗಟ್ಟುವಿಕೆಯೂ ತೋರಿಕೊಂಡವು. ಕಡೆಗೆ ಕ್ಯಾನ್ಸರ್ ಹುಟ್ಟಿತು. ಇಷ್ಟನ್ನು ಕೇಳಿದವರು ಈ ಅಣುವನ್ನು ಯಕೃತ್ತಿನ ಕಾವಲುಗಾರನೆಂದು ನಿಸ್ಸಂದೇಹವಾಗಿ ಹೊಗಳುವರು.

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಎರಡು ವೈರಸುಗಳು ಯಕೃತ್ತನ್ನು ಹೊಕ್ಕು, ಹತ್ತಾರು ವರ್ಷ ಸದ್ದಿಲ್ಲದೆ ನೆಲಸಿ, ಕೊನೆಗೆ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಇವುಗಳಲ್ಲಿ ಸಿ ವೈರಸಿನ ವೃದ್ಧಿಗೆ ಆ 122ನೆಯ ಅಣುವೇ ಆಧಾರವೆಂದು 2005ರಲ್ಲಿ ತಿಳಿದುಬಂದಿತು. ಇತರ ಓಲೆಗಳನ್ನು ತಡೆಯುವ ಅಣುವು ಈ ವೈರಸಿನ ಆರ್‌ಎನ್‌ಎಯ ಮುಂತುದಿಯಲ್ಲಿ ಎರಡು ಕಡೆ ಕುಳಿತು, ಅದು ಕೋಶದೊಳಗೆ ನಾಶವಾಗದಂತೆ ರಕ್ಷಿಸುತ್ತದೆ. ಮನೆಯ ಕಾವಲುಗಾರನೇ ಕಳ್ಳನಿಗೆ ಕೊಡೆಹಿಡಿದಂತಾಯಿತು! ಹಾಗಾದರೆ ಅಣುವನ್ನು ದ್ರೋಹಿಯೆನ್ನಬಹುದೇ? ಅದೂ ಸಲ್ಲದು. ಏಕೆಂದರೆ ಬಿ ವೈರಸಿನ ವಿಷಯದಲ್ಲಿ ಇದರ ನಡತೆಯು ತೀರ ವಿಪರೀತವಾಗಿದೆ. ಈ ಅಣುವು ಕುಂದಿದಲ್ಲಿ ಆ ವೈರಸು ಹೆಚ್ಚುವುದೆಂದು ಪರೀಕ್ಷೆಗಳು ತೋರಿಸಿವೆ. ಒಂದೇ ಅಣು, ಒಂದೇ ಮನೆ; ಒಬ್ಬ ವೈರಿಗೆ ಮಿತ್ರ, ಮತ್ತೊಬ್ಬನಿಗೆ ಶತ್ರು.

ವಿಭೀಷಣನನ್ನು ಲಂಕೆಯವರು ಕುಲದ್ರೋಹಿಯೆಂದು ಜರೆದರು. ಕಿಷ್ಕಿಂಧೆಯ ಪಡೆಯು ಧರ್ಮಾತ್ಮನೆಂದು ಬರಮಾಡಿಕೊಂಡಿತು. ಅಲ್ಲಿಯಾದರೋ ಒಬ್ಬನ ಸಂಕಲ್ಪವಿದ್ದಿತು. ಆ ಸಂಕಲ್ಪವನ್ನು ವಿಚಾರಿಸಿ ತೀರ್ಪುಕೊಡಬಹುದು. ಇಲ್ಲಿ ಸಂಕಲ್ಪವೆಂಬುದೇ ಇಲ್ಲ. ಅಣುವು ಎಂದಿನಂತೆ ತನಗೆ ಹೊಂದುವ ಅಕ್ಷರಗಳನ್ನು ಕಂಡಲ್ಲಿ ಅಂಟಿಕೊಳ್ಳುತ್ತದೆ, ಅಷ್ಟೆ. ಹಿತಾಹಿತಗಳು ಅದರ ಒಡಲಿನಲ್ಲಿಲ್ಲ. ಅದು ಯಾವುದರೊಡನೆ ಕೂಡಿತೆಂಬುದರಲ್ಲಿವೆ.

ಈ ವಿವೇಚನೆಯು ಚಿಕಿತ್ಸೆಯ ವಿಷಯದಲ್ಲಿ ಎಷ್ಟು ಮುಖ್ಯವೆಂಬುದು ಮುಂದಿನ ಸಂಗತಿಗಳಿಂದ ಸ್ಪಷ್ಟವಾಗುವುದು. ಆ ಅಣುವನ್ನು ಕಟ್ಟಿಹಾಕುವ ಔಷಧವೊಂದನ್ನು ವಿಜ್ಞಾನಿಗಳು ನಿರ್ಮಿಸಿ, ಮೊದಲು ಚಿಂಪಾಂಜಿಗಳ ಮೇಲೆ ಪರೀಕ್ಷಿಸಿದರು. 2013ರಲ್ಲಿ ಸಿ ವೈರಸಿನ 36 ಮಂದಿ ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿಯು ಹೊರಬಂದಿತು. ಔಷಧದ ಪ್ರಮಾಣವು ಹೆಚ್ಚಿದಂತೆ ರಕ್ತದಲ್ಲಿ ವೈರಸು ಇಳಿಯಿತು. ಆದರೆ ಕಳ್ಳನನ್ನು ಹಿಡಿಯಲು ಕಾವಲುಗಾರನ ಕೈಕಟ್ಟುವುದು ಎಷ್ಟು ಕಾಲ ಕ್ಷೇಮ? ಇಲಿಗಳಲ್ಲಿ ಕಂಡ ಕ್ಯಾನ್ಸರ್ ಈ ಪ್ರಶ್ನೆಯನ್ನು ಎತ್ತದೆ ಬಿಡಲಿಲ್ಲ. ಆ ಪ್ರಯೋಗವು ಕೆಲವೇ ವಾರಗಳದಾಗಿದ್ದಿತು. ಇಲಿಗಳಲ್ಲಿ ಅಣುವು ಹುಟ್ಟಿನಿಂದಲೇ ಇರಲಿಲ್ಲ. ಆದಕಾರಣ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಎಚ್ಚರಿಕೆಯ ಮಾತು ಎಚ್ಚರಿಕೆಯೇ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಎಂಬ ಗುಳಿಗೆಗೆ ಅನುಮತಿಯು ದೊರೆಯಿತು. ಇದು ಯಕೃತ್ತಿನ ಸ್ವಂತ ಸೊತ್ತನ್ನು ಮುಟ್ಟದೆ, ವೈರಸು ತನ್ನನ್ನು ನಕಲುಮಾಡಿಕೊಳ್ಳುವ ಯಂತ್ರವನ್ನೇ ನಿಲ್ಲಿಸುತ್ತದೆ. ಇಂತಹ ಗುಳಿಗೆಗಳನ್ನು ಜೊತೆಗೂಡಿಸಿ 8 ರಿಂದ 12 ವಾರ ಸೇವಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಸಿ ವೈರಸಿನಿಂದ ಮುಕ್ತರಾಗುವರು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಗುಣದೋಷಗಳು ಸಂಬಂಧದಿಂದಲೇ ಹುಟ್ಟುವುವಾದರೆ ಯಾರನ್ನೂ ದೋಷಿಯೆನ್ನುವಂತಿಲ್ಲವಷ್ಟೆ? ನೀತಿಯೇ ಸಡಿಲವಾಗಲಿಲ್ಲವೇ? ಹಾಗಲ್ಲ. ದೋಷವನ್ನು ಜಡವಸ್ತುವಿನ ಮೇಲಿಂದ ಇಳಿಸಿದರೆ ಅದು ಮಾಯವಾಗುವುದಿಲ್ಲ. ತಿಳಿವೂ ಸಂಕಲ್ಪವೂ ಉಳ್ಳವನ ಹೆಗಲಿಗೆ ಬರುತ್ತದೆ. ಅಣುವು ತಿಳಿಯದೆ ಮಾಡುತ್ತದೆ. ಮನುಷ್ಯನು ತಿಳಿದು ಮಾಡುತ್ತಾನೆ, ಅಥವಾ ತಿಳಿದೂ ಮಾಡದೆ ಬಿಡುತ್ತಾನೆ.

ಯಕೃತ್ತಿನ ರೋಗವೆಂದೊಡನೆ ರೋಗಿಯನ್ನು ಕುಡುಕನೆಂದು ತೀರ್ಮಾನಿಸುವವರು ಸುಶಿಕ್ಷಿತರಲ್ಲಿಯೂ ಇದ್ದಾರೆ. ಮದ್ಯವು ಯಕೃತ್ತನ್ನು ಕೆಡಿಸುವುದು ನಿಜ. ಆದರೆ ಬಿ ವೈರಸು ತಾಯಿಯಿಂದ ಹೆರಿಗೆಯ ವೇಳೆಯಲ್ಲಿ ಶಿಶುವಿಗೆ ತಗಲಬಹುದು. ಸಿ ವೈರಸು ಶುದ್ಧಮಾಡದ ಸೂಜಿಯಿಂದಲೋ ಪರೀಕ್ಷಿಸದ ರಕ್ತದಿಂದಲೋ ಬರಬಹುದು. ಹುಟ್ಟಿದಂದೇ ವೈರಸನ್ನು ಪಡೆದ ಕೂಸು ಐವತ್ತನೆಯ ವಯಸ್ಸಿನಲ್ಲಿ ಅರ್ಬುದದಿಂದ ನರಳುವಾಗ, ಅವನ ಶೀಲವನ್ನು ಶಂಕಿಸುವುದು ನೋವಿನ ಮೇಲೆ ಅಪಮಾನವನ್ನು ಹೊರಿಸಿದಂತೆಯೇ ಸರಿ. ಅಣುವನ್ನು ದ್ರೋಹಿಯೆಂದು ಕರೆದ ಆತುರವೇ ಇಲ್ಲಿಯೂ ಮನುಷ್ಯನ ಕಣ್ಣನ್ನು ಕಟ್ಟಿರುತ್ತದೆ.

ನಿಜವಾದ ದೋಷವು ಎಲ್ಲಿದೆಯೆಂದು ಕೇಳುವವರು ತೈವಾನ್ ದ್ವೀಪದ ಕಡೆಗೆ ನೋಡಬಹುದು. ಅಲ್ಲಿ 1984ರಿಂದ ಶಿಶುಗಳಿಗೆ ಬಿ ವೈರಸಿನ ವಿರುದ್ಧ ಲಸಿಕೆ ಹಾಕುವ ಏರ್ಪಾಡು ಪ್ರಾರಂಭವಾಯಿತು. 6 ರಿಂದ 14 ವಯಸ್ಸಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ 1981–86ರಲ್ಲಿ ವರ್ಷಕ್ಕೆ ಲಕ್ಷಕ್ಕೆ 0.70ರಷ್ಟಿದ್ದುದು 1990–94ರಲ್ಲಿ 0.36ಕ್ಕೆ ಇಳಿಯಿತೆಂದು 1997ರಲ್ಲಿ ವರದಿಯಾಯಿತು. ಹೀಗಿದ್ದರೂ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರು ಬಿ ವೈರಸನ್ನು ದೇಹದಲ್ಲಿ ಹೊತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿದೆ. ಲಸಿಕೆಯು ಬರುವ ಮೊದಲು ಸೋಂಕನ್ನು ಪಡೆದವರ ದುಃಖಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಜ್ಞಾನವೂ ಸಾಧನವೂ ಕೈಯಲ್ಲಿದ್ದ ಮೇಲೆ, ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕಾದ ಲಸಿಕೆಯು ಒಂದು ಕೂಸಿಗೆ ಉದಾಸೀನದಿಂದ ತಪ್ಪಿಹೋದರೆ, ಆ ದೋಷವನ್ನು ಅಣುವಿನ ಮೇಲೆಯೂ ವಿಧಿಯ ಮೇಲೆಯೂ ಹೊರಿಸಲಾಗದು. ಅದಕ್ಕೆ ಹೊಣೆಯು ಬಲ್ಲವರದೇ.