ಹಳೆಯ ಮೋಟಾರ್‌ಹೋಮ್ ಮತ್ತು ಒಡೆತನದ ಪ್ರಶ್ನೆ

ಐವತ್ತು ವರ್ಷ ಹಳೆಯದಾದ ಮೋಟಾರ್‌ಹೋಮ್‌ನ, ಅಂದರೆ ಒಳಗೇ ವಾಸಿಸಬಹುದಾದ ಗಾಡಿಯ, ಒಡೆಯರು ಯಾರು? ನೋಂದಣಿ ಪತ್ರದಲ್ಲಿ ಹೆಸರಿರುವವರು ಎಂದು ಹೇಳಿ ಕಾನೂನು ಸುಮ್ಮನಾಗುತ್ತದೆ. ಆದರೆ ಹತ್ತಾರು ಜನರ ತಿಳಿವಳಿಕೆ, ಕೈಕೆಲಸಗಳಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದ ವಸ್ತುವನ್ನು ಒಬ್ಬರು ‘ನನ್ನದು’ ಎನ್ನುವುದರ ಅರ್ಥವೇನು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಅಮೆರಿಕದ ಜಿಎಂಸಿ ಮೋಟಾರ್‌ಹೋಮ್ ಇದಕ್ಕೆ ತಕ್ಕ ನಿದರ್ಶನ. ಜನರಲ್ ಮೋಟಾರ್ಸ್ ಕಂಪನಿ 1973ರಿಂದ 1978ರವರೆಗಿನ ಮಾದರಿಗಳಲ್ಲಿ ಸುಮಾರು 13,000 ಗಾಡಿಗಳನ್ನು ತಯಾರಿಸಿತು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ಎಂಜಿನ್ ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿದ್ದುದರಿಂದ ನೆಲದಡಿ ಹಿಂದಕ್ಕೆ ಹಾಯುವ ಡ್ರೈವ್ ಶಾಫ್ಟ್ ಬೇಕಿರಲಿಲ್ಲ. ಹಾಗಾಗಿ ಒಳಗಿನ ನೆಲ ತಗ್ಗಾಗಿ, ಹತ್ತಿ ಇಳಿಯಲು ಸಲೀಸಾಗಿತ್ತು. ಹಿಂಬದಿಯಲ್ಲಿ ಒಂದೊಂದು ಮಗ್ಗುಲಿಗೂ ಎರಡೆರಡು ಗಾಲಿ, ಅವುಗಳ ಭಾರ ಹೊರಲು ಗಾಳಿ ತುಂಬಿದ ಚೀಲ. ತಯಾರಿಕೆ ನಿಂತು ದಶಕಗಳೇ ಕಳೆದಿದ್ದರೂ ಈ ಗಾಡಿಗಳು ಓಡುತ್ತಿರುವುದು ಬಹುಪಾಲು ಮಾಲೀಕರ ಸಂಘಗಳಿಂದ, ಹಳೆಯ ಬಿಡಿಭಾಗಗಳನ್ನು ಹೊಸದಾಗಿ ಮಾಡಿಸುವ ಸಣ್ಣ ಕಾರ್ಖಾನೆಗಳಿಂದ. ದಾರಿಯಲ್ಲಿ ಕೆಟ್ಟು ನಿಂತವರಿಗೆ ನೆರವಾಗಲು ಒಪ್ಪಿರುವ ಮಾಲೀಕರ ಪಟ್ಟಿಯೂ ಇದೆ.

ಕೊಳ್ಳುವಾಗಲೇ ಈ ನೆರವು ಬೇಕಾಗುತ್ತದೆ. ಹೊಸಬರ ಕಣ್ಣು ಬಣ್ಣದ ಮೇಲೆ, ಸೀಟಿನ ಬಟ್ಟೆಯ ಮೇಲೆ ಬೀಳುತ್ತದೆ. ಅನುಭವಿಗಳು ಮೊದಲು ಕೆಳಗೆ ಬಗ್ಗಿ ಚಾಸಿಯ ತುಕ್ಕು ನೋಡುತ್ತಾರೆ. ಕಿಟಕಿಯ ಅಂಚಿನಿಂದ ನೀರಿಳಿದಿದ್ದರೆ ಅದರ ಕೆಳಗಿನ ಪ್ಲೈವುಡ್ ಮೆತ್ತಗಾಗಿರುತ್ತದೆ. ಕಾಲಿಂದ ಒತ್ತಿದರೆ ತಿಳಿಯುತ್ತದೆ. ಟೈರಿನ ಮಗ್ಗುಲಲ್ಲಿ 2316 ಎಂಬ ನಾಲ್ಕು ಅಂಕಿ ಇದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೀರುಗಳು ಹೊಸದರಂತಿದ್ದರೂ ವಯಸ್ಸಾದ ರಬ್ಬರನ್ನು ನಂಬುವಂತಿಲ್ಲ. ಎಥನಾಲ್ ಬೆರೆಸಿದ ಪೆಟ್ರೋಲು ಹಳೆಯ ಕಾಲದ ಇಂಧನ ಕೊಳವೆಗಳನ್ನು ಹಾಳುಮಾಡುತ್ತದೆ. ಬಿಸಿ ಎಂಜಿನ್ನಿನ ಹತ್ತಿರ ಅವು ಸೋರಿದರೆ ಬೆಂಕಿ ಹತ್ತುವ ಅಪಾಯವಿದೆ. ಇಷ್ಟನ್ನೂ ನೋಡಿ ‘ಇದು ಬೇಡ’ ಎಂದು ಹೇಳುವ ಹಿರಿಯ ಹವ್ಯಾಸಿಗೆ ಅದರಿಂದ ಬಿಡಿಗಾಸಿನ ಲಾಭವೂ ಇಲ್ಲ.

ವಸ್ತುವಿನೊಂದಿಗೆ ಸ್ವಂತ ದುಡಿಮೆಯನ್ನು ಬೆರೆಸಿದವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ ಎಂದು 17ನೇ ಶತಮಾನದ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ವಾದಿಸಿದ. ಚಳಿಗಾಲವಿಡೀ ಷೆಡ್ಡಿನಲ್ಲಿ ಕುಳಿತು ಬ್ರೇಕಿನ ಕೊಳವೆ ಬದಲಾಯಿಸಿದವರಿಗೆ ಈ ಮಾತು ನಿಜವೆನಿಸುತ್ತದೆ. ಆದರೆ ಇಲ್ಲಿ ಬೆರೆತ ದುಡಿಮೆ ಒಬ್ಬರದಲ್ಲ. ಹಿಂದಿನ ಮಾಲೀಕರು ಮಾಡಿದ್ದು, ಪರವೂರಿನ ಗೆಳೆಯ ಹೇಳಿಕೊಟ್ಟದ್ದು, ಇನ್ಯಾರೋ ಎರವಲು ಕೊಟ್ಟ ಉಪಕರಣ ಎಲ್ಲವೂ ಅದರಲ್ಲಿ ಸೇರಿವೆ. ಲಾಕ್‌ನ ಅಳತೆಗೋಲಿನಿಂದಲೇ ಅಳೆದರೂ ಒಬ್ಬರ ಪೂರ್ಣ ಹಕ್ಕು ಸಿದ್ಧವಾಗುವುದಿಲ್ಲ.

ಜೈನ ಚಿಂತನೆ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ಪರಿಗ್ರಹ ಎಂದರೆ ಮೂರ್ಛೆ, ಅಂದರೆ ವಸ್ತುವಿನ ಮೇಲಿನ ಮಮಕಾರ. ಕರ್ನಾಟಕದ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಇದನ್ನು ಬಿಡಿಸಿದ್ದಾರೆ: ಹೊರಗೆ ಏನೂ ಇಲ್ಲದವನಲ್ಲೂ ‘ಇದು ನನ್ನದು’ ಎಂಬ ಸಂಕಲ್ಪವಿದ್ದರೆ ಅವನು ಪರಿಗ್ರಹಿಯೇ. ಹಾಗೆಂದು ವಸ್ತು ಇಟ್ಟುಕೊಂಡವರೆಲ್ಲ ಪಾರಾದರು ಎಂದಲ್ಲ. ಮುನಿಗೆ ಪೂರ್ಣ ತ್ಯಾಗ, ಗೃಹಸ್ಥನಿಗೆ ತಾನೇ ಗೊತ್ತುಮಾಡಿಕೊಂಡ ಮಿತಿ. ಮನೆಯ ಜೊತೆಗೆ ಓಡಾಡುವ ಇನ್ನೊಂದು ಮನೆ ಆ ಮಿತಿಯೊಳಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರೀತಿಯ ಹೆಸರಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಗಾಂಧೀಜಿ ಗೀತೆಯ ಅಪರಿಗ್ರಹವನ್ನು ಧರ್ಮದರ್ಶಿಯ ಮಾದರಿಯಿಂದ ಅರ್ಥಮಾಡಿಕೊಂಡರು. ಕೈಯಲ್ಲಿ ದೊಡ್ಡ ಆಸ್ತಿಯಿದ್ದರೂ ಅದರ ಒಂದು ಕವಡೆಯನ್ನೂ ತನ್ನದೆಂದು ಬಗೆಯದವನು ಧರ್ಮದರ್ಶಿ. ಇಂಗ್ಲಿಷ್ ಕಾನೂನಿನ ಓದು ಈ ತಿಳಿವಿಗೆ ನೆರವಾಯಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು ಮೋಕ್ಷಾರ್ಥಿಯ ಬದುಕು, ಹವ್ಯಾಸವಲ್ಲ. ಆದರೂ ಹಳೆಯ ಗಾಡಿಯ ಮಾಲೀಕರ ಸ್ಥಿತಿಗೆ ಇದಕ್ಕಿಂತ ಹತ್ತಿರದ ವಿವರಣೆ ಸಿಗುವುದಿಲ್ಲ. ಗಾಡಿ ಅವರಿಗಿಂತ ಮೊದಲು ಬೇರೆಯವರ ಬಳಿ ಇತ್ತು, ಚೆನ್ನಾಗಿ ನೋಡಿಕೊಂಡರೆ ಮುಂದೆಯೂ ಬೇರೆಯವರ ಬಳಿ ಇರುತ್ತದೆ.

ಬಿಡಿಭಾಗಗಳ ವಿಷಯದಲ್ಲಿ ಇದೆಲ್ಲ ಪರೀಕ್ಷೆಗೆ ಬರುತ್ತದೆ. ಈಗ ಎಲ್ಲೂ ತಯಾರಾಗದ ಒಂದು ಭಾಗ ಒಬ್ಬರ ಷೆಡ್ಡಿನಲ್ಲಿ ಎರಡಿದೆ, ಇನ್ನೊಬ್ಬರ ಗಾಡಿ ಅದಿಲ್ಲದೆ ನಿಂತಿದೆ. ಮುಂದೆಂದಾದರೂ ಬೇಕಾದೀತು ಎಂದು ಒಂದನ್ನು ಇಟ್ಟುಕೊಳ್ಳುವುದು ವಿವೇಕ. ಎರಡನ್ನೂ ಹಿಡಿದಿಟ್ಟುಕೊಳ್ಳುವುದು ಪರಿಗ್ರಹ.